ಯಂತ್ರದೊಳಗಿನ ಹೆಪ್ಪು ಮತ್ತು ಗಡಿನಾಡಿನ ರೋಗಿ

ಸೋತ ಹೃದಯಕ್ಕೆ ಯಂತ್ರವೊಂದು ಹೆಗಲು ಕೊಡುವ ಕಾಲ ಬಂದಿದೆ. ಎದೆಗೂಡಿನೊಳಗೆ ಹೃದಯದ ಎಡಗೋಣೆಯ ತುದಿಗೆ ಒಂದು ಸಣ್ಣ ಪಂಪನ್ನು ಜೋಡಿಸಿ, ಅದು ಸೆಳೆದ ರಕ್ತವನ್ನು ಮಹಾಧಮನಿಗೆ ದೂಡುವ ಏರ್ಪಾಡು ಇದು. ಪಂಪಿನ ವಯರು ಹೊಟ್ಟೆಯ ಚರ್ಮದ ಮೂಲಕ ಹೊರಗೆ ಬರುತ್ತದೆ. ಸೊಂಟದಲ್ಲಿ ಬ್ಯಾಟರಿ ಇರುತ್ತದೆ. ಇಂಥ ಪಂಪು ಅಳವಡಿಸಿಕೊಂಡವರಲ್ಲಿ ಅನೇಕರ ಕೈಹಿಡಿದು ನೋಡಿದರೆ ನಾಡಿಯೇ ಸಿಗುವುದಿಲ್ಲ, ಏಕೆಂದರೆ ರಕ್ತ ಮಿಡಿಯುವುದರ ಬದಲು ಎಡೆಬಿಡದೆ ಹರಿಯುತ್ತಿರುತ್ತದೆ. ಇದು ಅಮೆರಿಕದ ಸುದ್ದಿ ಮಾತ್ರವಲ್ಲ. ನಮ್ಮ ಬೆಂಗಳೂರು, ಚೆನ್ನೈ ನಗರಗಳ ದೊಡ್ಡ ಆಸ್ಪತ್ರೆಗಳಲ್ಲೂ ಇಂಥ ಪಂಪುಗಳನ್ನು ಜೋಡಿಸಿದ್ದುಂಟು.

ಆದರೆ ಈ ಪಂಪಿಗೆ ಹುಟ್ಟಿನಿಂದಲೇ ಬಂದ ವೈರಿಯೊಂದಿದೆ. ಅದು ರಕ್ತದ ಹೆಪ್ಪು. ಆ ಹೆಪ್ಪನ್ನು ಕಾಲಕ್ಕೆ ಸರಿಯಾಗಿ ಕಂಡುಹಿಡಿಯುವುದು ಹೇಗೆ, ಕಂಡುಹಿಡಿಯುವ ಯಂತ್ರಗಳು ಯಾರ ಕೈಗೆ ಎಟಕುತ್ತವೆ, ಗಡಿಯಂಚಿನಲ್ಲಿ ಬದುಕುವ ಕನ್ನಡ ಕುಟುಂಬಗಳಿಗೆ ಇದರಲ್ಲಿ ಏನು ಪಾಠವಿದೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ. ಕಾಸರಗೋಡಿನ ಓದುಗರಿಗೆ ಈ ಮಾತು ಹೇಳುವಾಗ ನಮ್ಮ ಕಣ್ಣ ಮುಂದೆ ಇನ್ನೊಂದು ಗಡಿನಾಡೂ ಇದೆ. ಅದು ಆಂಧ್ರಪ್ರದೇಶದ ಮಡಕಶಿರ, ರಾಯದುರ್ಗಗಳ ಸೀಮೆ. ಒಂದು ಕಾಲಕ್ಕೆ ನೊಳಂಬರ ರಾಜಧಾನಿಯಾಗಿ ಹೆಂಜೇರು ಎಂದು ಹೆಸರಾಗಿದ್ದ ಇಂದಿನ ಹೇಮಾವತಿಯ ನೆಲ.

ಹೆಪ್ಪು ಏಕೆ ಕಟ್ಟುತ್ತದೆ?

ರಕ್ತವು ತನ್ನ ನಾಳದೊಳಗೆ ಇರುವಷ್ಟು ಹೊತ್ತು ದ್ರವ. ಹೊರಗಿನ ವಸ್ತುವನ್ನು ಮುಟ್ಟಿದೊಡನೆ ಗಾಯವಾಯಿತೆಂದು ಭಾವಿಸಿ ಗಟ್ಟಿಯಾಗತೊಡಗುತ್ತದೆ. ಬೆರಳು ಕೊಯ್ದಾಗ ನಮ್ಮ ಪ್ರಾಣ ಉಳಿಸುವ ಗುಣವೇ ಎದೆಯೊಳಗೆ ಲೋಹವನ್ನು ಕೂರಿಸಿದಾಗ ಪ್ರಾಣಕ್ಕೆ ಎರವಾಗುತ್ತದೆ. 1982ರ ದಶಂಬರ 2ರಂದು ಅಮೆರಿಕದ ಯೂಟಾದಲ್ಲಿ ಬಾರ್ನಿ ಕ್ಲಾರ್ಕ್ ಎಂಬವರಿಗೆ ಜಾರ್ವಿಕ್-7 ಎಂಬ ಕೃತಕ ಹೃದಯವನ್ನು ಜೋಡಿಸಿದಾಗ ಲೋಕವೇ ಬೆರಗಾಗಿತ್ತು. ಅವರು ಬದುಕಿದ್ದು 112 ದಿನ. ಅವರ ನಂತರ ಅದೇ ಯಂತ್ರವನ್ನು ಪಡೆದವರನ್ನು ಕಾಡಿದ ಮುಖ್ಯ ತೊಂದರೆಗಳಲ್ಲಿ ಹೆಪ್ಪು ಮಿದುಳಿಗೆ ಹೋಗಿ ಆದ ಪಾರ್ಶ್ವವಾಯುವೂ ಒಂದು.

ಅಲ್ಲಿಂದೀಚೆಗೆ ಇಡೀ ಹೃದಯವನ್ನು ಬದಲಿಸುವುದಕ್ಕಿಂತ ಇದ್ದ ಹೃದಯಕ್ಕೆ ಪಂಪಿನ ಆಸರೆ ಕೊಡುವುದೇ ಮೇಲೆಂಬ ಅಭಿಪ್ರಾಯ ಬೆಳೆಯಿತು. ಹಾರ್ಟ್‌ಮೇಟ್-2 ಎಂಬ ಪಂಪಿಗೆ 2008ರಲ್ಲಿ ಅಮೆರಿಕ ಸರಕಾರದ ಒಪ್ಪಿಗೆ ದೊರೆತು ಸಾವಿರಾರು ರೋಗಿಗಳಿಗೆ ಅದನ್ನು ಜೋಡಿಸಲಾಯಿತು. ಎಲ್ಲವೂ ಸುಸೂತ್ರವೆಂದು ಭಾವಿಸಿದ್ದಾಗಲೇ ಅಲ್ಲಿನ ಮೂರು ಆಸ್ಪತ್ರೆಗಳ ವೈದ್ಯರು 837 ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದರು. ಪಂಪು ಕೂರಿಸಿದ ಮೂರು ತಿಂಗಳೊಳಗೆ ಹೆಪ್ಪು ಕಟ್ಟುವವರ ಪ್ರಮಾಣ 2011ರ ಮಾರ್ಚಿಗೆ ಮುಂಚೆ ನೂರಕ್ಕೆ 2.2 ಇದ್ದದ್ದು 2013ರ ಜನವರಿಯ ಹೊತ್ತಿಗೆ 8.4ಕ್ಕೆ ಏರಿತ್ತು. ಹೆಪ್ಪು ಕಟ್ಟಿದ ಮೇಲೆ ಪಂಪನ್ನು ಬದಲಿಸದೆ, ಬೇರೆ ಹೃದಯವನ್ನೂ ಕಸಿ ಮಾಡದೆ ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ತೀರಿಕೊಂಡಿದ್ದರು. ಬದಲಿಸಿಕೊಂಡವರು ಮಾತ್ರ ಹೆಪ್ಪೇ ಕಟ್ಟದವರಂತೆ ಬದುಕಿದರು. ಬೇಗ ಕಂಡುಹಿಡಿದರೆ ಬದುಕು, ತಡವಾದರೆ ಸಾವು ಎಂಬುದು ಇಲ್ಲಿ ಅಂಕೆಸಂಖ್ಯೆಗಳಲ್ಲೇ ಸ್ಪಷ್ಟವಾಯಿತು.

ಕಾಣದ್ದನ್ನು ಕಾಣುವ ಬಗೆ

ಹಾಗಾದರೆ ಹೆಪ್ಪನ್ನು ನೋಡುವುದು ಹೇಗೆ? ಸ್ಕ್ಯಾನಿಂಗ್ ಮಾಡಿದರೆ ತಿಳಿಯದೇ ಎಂದು ಯಾರಾದರೂ ಕೇಳಬಹುದು. ತೊಡಕು ಇರುವುದು ಅಲ್ಲಿಯೇ. ಪಂಪು ಲೋಹದ್ದು. ಅದರ ಒಡಲೊಳಗೆ ತಿರುಗುವ ಚಕ್ರಕ್ಕೆ ಅಂಟಿದ ಹೆಪ್ಪನ್ನು ಯಾವ ಯಂತ್ರವೂ ನೇರವಾಗಿ ತೋರಿಸಲಾರದು. ಸಿ.ಟಿ. ಸ್ಕ್ಯಾನ್ ಮಾಡಿದರೆ ಲೋಹದ ಸುತ್ತ ಬೆಳಕಿನ ಗೀರುಗಳು ಹರಡಿ ಚಿತ್ರ ಕೆಡುತ್ತದೆ. ಎಂ.ಆರ್.ಐ.ಯ ಮಾತೇ ಇಲ್ಲ. ಅದರ ಬಲವಾದ ಅಯಸ್ಕಾಂತದ ಬಳಿಗೆ ಈ ರೋಗಿಯನ್ನು ಒಯ್ಯುವಂತೆಯೇ ಇಲ್ಲ. ಆದುದರಿಂದ ವೈದ್ಯರು ಹೊಗೆ ನೋಡಿ ಬೆಂಕಿಯನ್ನು ಊಹಿಸುವ ಅನುಮಾನ ಪ್ರಮಾಣವನ್ನೇ ನೆಚ್ಚಬೇಕಾಗುತ್ತದೆ.

ಸಿ.ಟಿ.ಯಿಂದ ಉಪಯೋಗವೇ ಇಲ್ಲವೆಂದಲ್ಲ. ರಕ್ತನಾಳಕ್ಕೆ ಬಣ್ಣದ ಔಷಧಿ ಚುಚ್ಚಿ ಚಿತ್ರ ತೆಗೆದರೆ ಪಂಪಿನಿಂದ ಹೊರಡುವ ಕೊಳವೆ ಮಡಚಿದೆಯೇ, ಅದರಲ್ಲಿ ತಡೆಯಿದೆಯೇ, ಒಳಗೆ ಸೆಳೆಯುವ ಬಾಯಿ ಹೃದಯದ ಗೋಡೆಗೆ ತಾಗಿ ಕೂತಿದೆಯೇ ಎಂಬುದು ತಿಳಿಯುತ್ತದೆ. ಸಾದಾ ಕ್ಷ-ಕಿರಣದ ಚಿತ್ರವೂ ಪಂಪು ತನ್ನ ಸ್ಥಾನದಿಂದ ಸರಿದಿದೆಯೇ ಎಂಬುದನ್ನು ತೋರಿಸುತ್ತದೆ. ಆದರೆ ಎಲ್ಲಕ್ಕಿಂತ ಜಾಣತನದ ಉಪಾಯವೆಂದರೆ ‘ಎಕೋ’, ಅಂದರೆ ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಹೃದಯವನ್ನು ನೋಡುವ ಪರೀಕ್ಷೆ. ಪಂಪಿನ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಪ್ರತಿ ಮೆಟ್ಟಿಲಿನಲ್ಲೂ ಹೃದಯದ ಎಡಗೋಣೆಯ ಅಗಲವನ್ನು ಅಳೆಯುತ್ತಾರೆ. ಪಂಪು ಸರಿಯಿದ್ದರೆ ವೇಗ ಹೆಚ್ಚಿದಂತೆ ಹೆಚ್ಚು ರಕ್ತ ಖಾಲಿಯಾಗಿ ಗೋಣೆ ಕುಗ್ಗಬೇಕು. ವೇಗ ಏರಿದರೂ ಗೋಣೆ ಕುಗ್ಗದಿದ್ದರೆ ಪಂಪು ತಿರುಗುತ್ತಿದೆಯೇ ಹೊರತು ರಕ್ತವನ್ನು ಎತ್ತುತ್ತಿಲ್ಲವೆಂದು ಅರ್ಥ. ಬಾವಿಯ ಪಂಪಿನ ಮೋಟಾರು ಗುಯ್‌ಗುಟ್ಟುತ್ತಿದ್ದರೂ ತೋಟಕ್ಕೆ ನೀರು ಬಾರದಿದ್ದಾಗ ನಮ್ಮ ಕೃಷಿಕರು ಪೈಪಿನಲ್ಲಿ ಕಸ ಸಿಕ್ಕಿದೆಯೆಂದು ತಿಳಿಯುವುದಿಲ್ಲವೇ? ಇದೂ ಹಾಗೆಯೇ.

ಇನ್ನೊಂದು ಸ್ವಾರಸ್ಯವೂ ಇದೆ. ಹಾರ್ಟ್‌ಮೇಟ್-2ರಂಥ ಪಂಪು ರಕ್ತದ ಹರಿವನ್ನು ತಾನೇ ಅಳೆಯುವುದಿಲ್ಲ. ಎಷ್ಟು ವಿದ್ಯುತ್ತು ಖರ್ಚಾಯಿತು ಎಂಬುದರಿಂದ ಲೆಕ್ಕ ಹಾಕಿ ಇಷ್ಟು ಹರಿವು ಇದೆಯೆಂದು ತೋರಿಸುತ್ತದೆ. ಹೆಪ್ಪು ಅಂಟಿದ ಚಕ್ರವನ್ನು ತಿರುಗಿಸಲು ವಿದ್ಯುತ್ತು ಹೆಚ್ಚು ಬೇಕಾದುದರಿಂದ ಪರದೆಯ ಮೇಲೆ ಹರಿವು ಹೆಚ್ಚಾದಂತೆ ಕಾಣುತ್ತದೆ. ದೇಹದಲ್ಲಿ ಮಾತ್ರ ಹರಿವು ಇಳಿಯುತ್ತಿರುತ್ತದೆ. ಯಂತ್ರದ ಮಾತನ್ನು ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇವೆಲ್ಲಕ್ಕಿಂತ ಮುಂಚೆ ಸೂಚನೆ ಕೊಡುವವನು ಯಾರು? ರೋಗಿಯೇ. ಹೆಪ್ಪಿನಿಂದಾಗಿ ರಕ್ತದ ಕಣಗಳು ಜಜ್ಜಿಹೋಗಿ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗುತ್ತದೆ, ಏದುಸಿರು ಬರುತ್ತದೆ, ಪಂಪಿನ ಸದ್ದು ಬದಲಾಗುತ್ತದೆ. ಇದನ್ನು ಗಮನಿಸಿ, ಅರ್ಥಮಾಡಿಕೊಂಡು, ತಿಳಿಯುವ ಭಾಷೆಯಲ್ಲಿ ಹೇಳಬಲ್ಲ ಮನುಷ್ಯನೇ ಮೊದಲ ಪರೀಕ್ಷಾ ಯಂತ್ರ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದೇ ನಮ್ಮ ವಾದದ ಆಧಾರ.

ಪಂಪು ತಯಾರಿಸುವವರೂ ಸುಮ್ಮನೆ ಕುಳಿತಿಲ್ಲ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹಾರ್ಟ್‌ಮೇಟ್-3ರಲ್ಲಿ ಚಕ್ರವು ಯಾವುದನ್ನೂ ತಾಗದೆ ಅಯಸ್ಕಾಂತದ ಬಲದಿಂದ ತೇಲುತ್ತ ತಿರುಗುತ್ತದೆ. ರಕ್ತ ಹರಿಯುವ ದಾರಿ ಅಗಲವಾಗಿದೆ. ಆಗಾಗ ವೇಗ ಬದಲಿಸಿ ರಕ್ತ ನಿಲ್ಲದಂತೆಯೂ ಮಾಡುತ್ತದೆ. ಎರಡು ವರ್ಷಗಳ ಹೋಲಿಕೆಯಲ್ಲಿ ಹಳೆಯ ಪಂಪಿನಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಹೆಪ್ಪಿನ ಶಂಕೆ ಬಂದಿದ್ದರೆ ಹೊಸದರಲ್ಲಿ ಅದು ಒಂದೂವರೆಗಿಂತ ಕಡಿಮೆ. ನಮ್ಮ ದೇಶದಲ್ಲಿಯೂ ಕಾನ್ಪುರದ ಐ.ಐ.ಟಿ.ಯವರು ‘ಹೃದ್ಯಂತ್ರ’ ಎಂಬ ಹೆಸರಿನಲ್ಲಿ ಸ್ವದೇಶೀ ಪಂಪು ನಿರ್ಮಿಸುವ ಕಾರ್ಯಕ್ಕೆ ಕೈಹಾಕಿದ್ದಾರೆ. ಆದರೆ ವಿದೇಶದಿಂದ ಬರುವ ಪಂಪಿನ ಬೆಲೆ ಸಾಮಾನ್ಯ ಕುಟುಂಬದ ಕೈಗೆ ಎಟಕುವಂಥದಲ್ಲ.

ನಮ್ಮವರ ಎದೆಯಲ್ಲಿರುವ ಯಂತ್ರ

ಹಾಗೆಂದು ಇದು ಶ್ರೀಮಂತರ ಚಿಂತೆಯೆಂದು ಪತ್ರಿಕೆಯನ್ನು ಮಡಚಿಡುವಂತಿಲ್ಲ. ಪಂಪು ಇಲ್ಲದಿದ್ದರೂ ಹೃದಯದ ಕೃತಕ ಕವಾಟ ನಮ್ಮ ಬಡವರಲ್ಲಿ ಬಹಳ ಮಂದಿಯ ಎದೆಯಲ್ಲಿದೆ. ಅದೂ ಯಂತ್ರವೇ, ಅದಕ್ಕೂ ಹೆಪ್ಪೇ ವೈರಿ. ಚಿಕ್ಕಂದಿನಲ್ಲಿ ಬಂದ ಗಂಟಲುನೋವು, ಆಮೇಲೆ ಕೀಲುಗಳಲ್ಲಿ ನೋವು, ಜ್ವರ. ಅದು ಗುಣವಾಯಿತೆಂದು ಮರೆತಿದ್ದಾಗ ಇಪ್ಪತ್ತು ಮೂವತ್ತರ ಪ್ರಾಯದಲ್ಲಿ ಕವಾಟ ಕೆಟ್ಟಿದೆಯೆಂದು ತಿಳಿಯುವುದು. ಇದು ವಾತಜ್ವರದಿಂದ ಬರುವ ಹೃದ್ರೋಗ. ಇಕ್ಕಟ್ಟಾದ ಮನೆಗಳಲ್ಲಿ, ಸಕಾಲಕ್ಕೆ ಔಷಧಿ ಸಿಗದಲ್ಲಿ ಇದು ಹೆಚ್ಚು. ಶಾಲೆಯಲ್ಲಿ ಮಕ್ಕಳ ನಡುವೆ ದಿನ ಕಳೆಯುವ ನಾವು, ಗಂಟಲುನೋವಿನ ಬೆನ್ನಿಗೆ ಗಂಟುನೋವೆನ್ನುವ ಮಗುವನ್ನು ಸುಮ್ಮನೆ ಮನೆಗೆ ಕಳುಹಿಸದೆ ವೈದ್ಯರಿಗೆ ತೋರಿಸಲು ಹೆತ್ತವರಿಗೆ ಒತ್ತಾಯಿಸಬೇಕು.

ಕವಾಟದ ವಿಷಯದಲ್ಲಿ ಕೇರಳದ ಹೆಮ್ಮೆಯೊಂದನ್ನು ಹೇಳದಿದ್ದರೆ ತಪ್ಪಾದೀತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ| ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ, ಮೊದಲ ಮೂರು ಮಾದರಿಗಳು ಸೋತ ಮೇಲೂ ಎದೆಗುಂದದೆ, ನಾಲ್ಕನೆಯ ಮಾದರಿಯಲ್ಲಿ ದೇಶೀ ಕವಾಟ ಸಿದ್ಧವಾಯಿತು. 1990ರ ದಶಂಬರ 6ರಂದು ಅದನ್ನು ಮೊದಲ ಬಾರಿಗೆ ರೋಗಿಗೆ ಜೋಡಿಸಲಾಯಿತು. ವಿದೇಶೀ ಕವಾಟಗಳಿಗಿಂತ ಅಗ್ಗವಾದ ಇದು ಟಿ.ಟಿ.ಕೆ.-ಚಿತ್ರಾ ಎಂಬ ಹೆಸರಿನಲ್ಲಿ ದೇಶಾದ್ಯಂತ ಹತ್ತಾರು ಸಾವಿರ ಜನರ ಎದೆಯಲ್ಲಿ ಮಿಡಿದಿದೆ. ವಲಿಯತ್ತಾನರು ಆಮೇಲೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಕನ್ನಡ ನಾಡಿಗೂ ಸಂದವರು. 2024ರ ಜುಲೈ 17ರಂದು ಮಣಿಪಾಲದಲ್ಲಿಯೇ ನಿಧನರಾದರು.

ಈಗ ಹೆಪ್ಪಿನ ಪತ್ತೆಗೆ ಬರೋಣ. ಲೋಹದ ಕವಾಟ ಮುಚ್ಚುವಾಗ ಗಡಿಯಾರದಂತೆ ‘ಟಿಕ್’ ಸದ್ದು ಬರುತ್ತದೆ. ರೋಗಿಗೂ ಪಕ್ಕದಲ್ಲಿ ಮಲಗಿದವರಿಗೂ ಅದರ ಪರಿಚಯವಿರುತ್ತದೆ. ಆ ಸದ್ದು ಮಂಕಾದರೆ ಯಾ ನಿಂತರೆ, ಜತೆಗೆ ಏದುಸಿರು ಬಂದರೆ, ಕವಾಟದಲ್ಲಿ ಹೆಪ್ಪು ಸಿಕ್ಕಿದೆಯೆಂದೇ ಶಂಕಿಸಬೇಕು. ಆಸ್ಪತ್ರೆಯಲ್ಲಿ ಮೊದಲು ಎಕೋ ಮಾಡಿ ಕವಾಟದ ಎರಡು ಕಡೆಗಳ ಒತ್ತಡದ ಅಂತರ ಏರಿದೆಯೇ ಎಂದು ನೋಡುತ್ತಾರೆ. ಸಂಶಯ ಉಳಿದರೆ ಅನ್ನನಾಳಕ್ಕೆ ಸಣ್ಣ ನಳಿಗೆಯನ್ನು ಇಳಿಸಿ ಹೃದಯದ ಬೆನ್ನಹಿಂದಿನಿಂದ ನೋಡುತ್ತಾರೆ. ಮೂರನೆಯದು ಕ್ಷ-ಕಿರಣದ ಚಲಿಸುವ ಚಿತ್ರ. ಅದರಲ್ಲಿ ಕವಾಟದ ಬಾಗಿಲು ತೆರೆದು ಮುಚ್ಚುವುದು ಸಿನೆಮಾದಂತೆ ಕಾಣುತ್ತದೆ.

ಇಲ್ಲೊಂದು ಮುಖ್ಯ ಸಂಗತಿ ಇದೆ. ಇಂಗಾಲದಿಂದ ಮಾಡಿದ ಎರಡು ಬಾಗಿಲುಗಳ ವಿದೇಶೀ ಕವಾಟಗಳು ಸಾಮಾನ್ಯವಾಗಿ ಕ್ಷ-ಕಿರಣದಲ್ಲಿ ಕಾಣುತ್ತವೆ. ಚಿತ್ರಾ ಕವಾಟದ ತಟ್ಟೆ ಮಾತ್ರ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ಕಿನದು. ಲೋಹದ ಚೌಕಟ್ಟು ಕಂಡರೂ ತಟ್ಟೆ ಕ್ಷ-ಕಿರಣದಲ್ಲಿ ಕಾಣುವುದಿಲ್ಲ. ಅಂಥವರಿಗೆ ಎಕೋ ಪರೀಕ್ಷೆಯೇ ಮುಖ್ಯ ಆಧಾರ. ಹಾಗಾದುದರಿಂದ ತನ್ನ ಎದೆಯಲ್ಲಿರುವುದು ಯಾವ ಹೆಸರಿನ, ಯಾವ ಅಳತೆಯ ಕವಾಟ ಎಂಬ ಚೀಟಿ ರೋಗಿಯ ಕೈಯಲ್ಲಿ ಸದಾ ಇರಬೇಕು. ರಾತ್ರಿ ಎರಡು ಗಂಟೆಗೆ ಅಪರಿಚಿತ ಆಸ್ಪತ್ರೆಗೆ ಹೋದಾಗ ಆ ಚೀಟಿ ಕಳೆಯಬಹುದಾದ ಗಂಟೆಗಳನ್ನು ಉಳಿಸುತ್ತದೆ. ರೇಶನ್ ಕಾರ್ಡನ್ನು ಕಾಪಾಡುವಷ್ಟೇ ಜೋಪಾನದಿಂದ ಅದನ್ನು ಕಾಪಾಡಬೇಕು.

ಹೇಮಾವತಿಯಿಂದ ನೋಡಿದಾಗ

ಈ ಎಲ್ಲ ವಿದ್ಯೆಯನ್ನು ಈಗ ಹೇಮಾವತಿಯಲ್ಲಿ ನಿಲ್ಲಿಸಿ ನೋಡೋಣ. 1953ರ ಅಕ್ಟೋಬರ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂತು. ರಾಯದುರ್ಗ ಆಂಧ್ರದಲ್ಲೇ ಉಳಿದು ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರ ಮೊದಲಿನಿಂದಲೂ ಅನಂತಪುರದಲ್ಲಿತ್ತು. 1956ರ ನವಂಬರ 1ರಂದು ನಾವು ಕೇರಳಕ್ಕೆ ಸೇರಿದೆವು. ಹೀಗೆ ಒಂದೇ ಭಾಷೆಯ ಎರಡು ತುಂಡುಗಳು ಎರಡು ಬೇರೆ ರಾಜ್ಯಗಳ ಅಂಚಿನಲ್ಲಿ ಕುಳಿತವು. 2022ರ ಎಪ್ರಿಲಿನಲ್ಲಿ ಆಂಧ್ರದ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಮಡಕಶಿರ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು.

ಹೃದ್ರೋಗದ ಮಟ್ಟಿಗೆ ಆ ಸೀಮೆಗೆ ಒಂದು ಭಾಗ್ಯವಿದೆ. ಪುಟ್ಟಪರ್ತಿಯ ಬಳಿ ಪ್ರಶಾಂತಿಗ್ರಾಮದಲ್ಲಿ 1991ರ ನವಂಬರ 22ರಂದು ತೆರೆದ ಉನ್ನತ ವೈದ್ಯಕೀಯ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಧರ್ಮಾರ್ಥವಾಗಿ ನಡೆಯುತ್ತ ಬಂದಿದೆ. ಇನ್ನೊಂದು ಕಡೆ ಗಡಿ ದಾಟಿದರೆ ಶಿರಾ, ತುಮಕೂರಿನ ದಾರಿಯಾಗಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಿದೆ. ಅಂದರೆ ಕವಾಟ ಜೋಡಿಸುವವರಿಗೆ ಕೊರತೆಯಿಲ್ಲ. ಕೊರತೆ ಇರುವುದು ಜೋಡಿಸಿ ಮನೆಗೆ ಕಳುಹಿಸಿದ ಮೇಲೆ.

ಹೇಮಾವತಿಯ ಕಡೆಯ ಒಬ್ಬ ರೈತ ಮಹಿಳೆಯನ್ನು ಊಹಿಸಿಕೊಳ್ಳಿ. ಮನೆಮಾತು ಕನ್ನಡ, ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕೈದು ತರಗತಿ. ಕೈಯಲ್ಲಿರುವ ಚೀಟಿ ಇಂಗ್ಲಿಷಿನಲ್ಲಿ. ಗೋಡೆಯ ಮೇಲಿನ ಸೂಚನೆ ತೆಲುಗಿನಲ್ಲಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಬದುಕಿರುವಷ್ಟು ಕಾಲ ದಿನವೂ ಅದೇ ಹೊತ್ತಿಗೆ ನುಂಗಬೇಕು, ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ಅಂತರದಲ್ಲಿ ಮಾಡಿಸಬೇಕು. ಆ ಅಂಕಿ ಸಾಮಾನ್ಯವಾಗಿ ಎರಡರಿಂದ ಮೂರೂವರೆಯೊಳಗೆ, ವೈದ್ಯರು ಗೊತ್ತುಪಡಿಸಿದ ಮಿತಿಯಲ್ಲಿ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವ ಈ ಮಾತ್ರೆಯ ಶಕ್ತಿಯನ್ನು ತಗ್ಗಿಸುತ್ತದೆ. ಅಲ್ಲಿ ಮುದ್ದೆಯ ಜತೆಗೆ ಸೊಪ್ಪಿನ ಸಾರು, ಇಲ್ಲಿ ನಮ್ಮಲ್ಲಿ ಬಸಳೆ, ಹರಿವೆ. ಸೊಪ್ಪನ್ನೇ ಬಿಡಬೇಕೆಂದಿಲ್ಲ, ಒಂದು ವಾರ ರಾಶಿ, ಒಂದು ವಾರ ಸೊನ್ನೆ ಎಂದಾಗದೆ ಪ್ರಮಾಣ ಒಂದೇ ತೆರನಾಗಿರಬೇಕು, ಅಷ್ಟೇ. ಈ ಒಂದು ವಾಕ್ಯವನ್ನು ಆಕೆಗೆ ತಿಳಿಯುವ ಮಾತಿನಲ್ಲಿ ಹೇಳದಿದ್ದರೆ ಆಕೆ ಸೊಪ್ಪನ್ನೇ ಬಿಡುತ್ತಾಳೆ, ಯಾ ಮಾತ್ರೆಯನ್ನೇ ಬಿಡುತ್ತಾಳೆ. ಹೊಸ ಬಗೆಯ, ರಕ್ತಪರೀಕ್ಷೆ ಬೇಡದ ಮಾತ್ರೆಗಳು ಬಂದಿವೆಯಲ್ಲ ಎಂದು ಯಾರಾದರೂ ಸಲಹೆ ಕೊಡಬಹುದು. ಲೋಹದ ಕವಾಟದವರಿಗೆ ಅವು ಸಲ್ಲವು. ಅಂಥದೊಂದು ಮಾತ್ರೆಯ ಪ್ರಯೋಗವನ್ನು ಹೆಪ್ಪೂ ರಕ್ತಸ್ರಾವವೂ ಹೆಚ್ಚಾದುದರಿಂದ ಅರ್ಧದಲ್ಲೇ ನಿಲ್ಲಿಸಬೇಕಾಯಿತೆಂಬುದು 2013ರಲ್ಲಿ ಪ್ರಕಟವಾಗಿದೆ.

ಗಡಿ ಮುಚ್ಚಿದ ದಿನಗಳು

ಕಾಸರಗೋಡಿನವರಾದ ನಮಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಮಂದಿಗೆ ಹೃದಯದ ತೊಂದರೆಯೆಂದರೆ ಮೊದಲು ನೆನಪಾಗುವುದು ಮಂಗಳೂರು. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ತಲಪಾಡಿಯಲ್ಲಿಯೂ ಇತರ ದಾರಿಗಳಲ್ಲಿಯೂ ಕರ್ನಾಟಕ ಗಡಿ ಮುಚ್ಚಿದಾಗ ಆಂಬುಲೆನ್ಸುಗಳೂ ಹಿಂದೆ ಬಂದವು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಕೆಲವರು ಪ್ರಾಣ ಕಳೆದುಕೊಂಡರು. ದಾರಿ ತೆರೆಯುವಂತೆ ಕೇರಳ ಹೈಕೋರ್ಟು ಎಪ್ರಿಲ್ 1ರಂದು ಆದೇಶಿಸಬೇಕಾಯಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರೋಗಕ್ಕೆ ಗಡಿಯಿಲ್ಲ, ಆದರೆ ರೋಗಿಗೆ ಗಡಿಯಿದೆ ಎಂಬ ಕಹಿ ಪಾಠವನ್ನು ಆ ದಿನಗಳು ಕಲಿಸಿದವು. ಅಂದು ಕವಾಟದಲ್ಲಿ ಹೆಪ್ಪು ಸಿಕ್ಕಿದ ರೋಗಿಯೊಬ್ಬ ಗಡಿಯ ಈಚೆ ಇದ್ದಿದ್ದರೆ ಆತನಿಗೆ ಲೆಕ್ಕಕ್ಕೆ ಬರುತ್ತಿದ್ದುದು ದಿನಗಳಲ್ಲ, ಗಂಟೆಗಳು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕೋಟಿಗಟ್ಟಲೆ ಜನರಿರುವ ರಾಜ್ಯದಲ್ಲಿ ಅಂಚಿನ ಕೆಲವು ತಾಲೂಕುಗಳ ಭಾಷೆಗಾಗಿ ಆಸ್ಪತ್ರೆಗಳು ಬೇರೆ ಏರ್ಪಾಡು ಮಾಡುವುದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಮೇಲೆ ಹೇಳಿದ ವಿಜ್ಞಾನವೇ ಇದಕ್ಕೆ ಉತ್ತರ. ಪಂಪಿನೊಳಗಿನ ಹೆಪ್ಪನ್ನು ಅತ್ಯುತ್ತಮ ಯಂತ್ರವೂ ನೇರವಾಗಿ ಕಾಣಲಾರದು. ರೋಗಿಯ ಬಾಯಿಂದ ಬರುವ ಸೂಚನೆಯಿಂದಲೇ ಪತ್ತೆ ಆರಂಭವಾಗುತ್ತದೆ. ಆ ಸೂಚನೆ ಭಾಷೆಯ ಗೋಡೆಗೆ ತಾಗಿ ಬಿದ್ದುಹೋದರೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಇದ್ದೂ ಇಲ್ಲದಂತೆ. ಆದುದರಿಂದ ಕನ್ನಡದಲ್ಲಿ ಒಂದು ಚೀಟಿ ಕೇಳುವುದು ಭಾಷಾಭಿಮಾನದ ಮಾತಲ್ಲ, ಚಿಕಿತ್ಸೆಯ ಒಂದು ಭಾಗ.

ಆಗಬೇಕಾದದ್ದು

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಒಂದನೆಯದಾಗಿ, ಕವಾಟ ಯಾ ಪಂಪು ಜೋಡಿಸಿದ ಪ್ರತಿ ರೋಗಿಗೆ ಆಸ್ಪತ್ರೆಯಿಂದ ಹೊರಡುವಾಗ ಅವನ ಮನೆಮಾತಿನಲ್ಲಿ ಅಚ್ಚಾದ ಒಂದು ಹಾಳೆ ಕೊಡಬೇಕು: ಯಂತ್ರದ ಹೆಸರು, ಮಾತ್ರೆಯ ಪ್ರಮಾಣ, ರಕ್ತಪರೀಕ್ಷೆಯ ಮಿತಿ, ಅಪಾಯದ ಲಕ್ಷಣಗಳು. ಎರಡನೆಯದಾಗಿ, ಐ.ಎನ್.ಆರ್. ಪರೀಕ್ಷೆ ತಾಲೂಕು ಮಟ್ಟದ ಸರಕಾರಿ ಆಸ್ಪತ್ರೆಯಲ್ಲಿಯೇ ದೊರೆಯಬೇಕು. ಸಕ್ಕರೆ ಕಾಯಿಲೆಯವರಿಗೆ ಇರುವಂತೆ ಬೆರಳ ತುದಿಯ ಹನಿ ರಕ್ತದಿಂದ ಇದನ್ನು ಅಳೆಯುವ ಸಣ್ಣ ಯಂತ್ರ ಈಗ ಇದೆ. ಅದಕ್ಕಾಗಿ ಒಂದು ದಿನದ ಕೂಲಿ ಕಳೆದು, ಬಸ್ಸು ಹಿಡಿದು ದೂರದ ಪಟ್ಟಣಕ್ಕೆ ಹೋಗಬೇಕಾಗಿಲ್ಲ. ಮೂರನೆಯದಾಗಿ, ಎಕೋ ಪರೀಕ್ಷೆ ಮಾಡಬಲ್ಲವರು ಗಡಿ ತಾಲೂಕುಗಳಿಗೆ ಗೊತ್ತಾದ ದಿನಗಳಲ್ಲಾದರೂ ಬರಬೇಕು. ನಾಲ್ಕನೆಯದಾಗಿ, ಹೃದಯದ ತುರ್ತು ಕಾಯಿಲೆಗೆ ಯಾವ ಕಾರಣಕ್ಕೂ ರಾಜ್ಯದ ಗಡಿ ಅಡ್ಡಬಾರದಂತೆ ನೆರೆಯ ರಾಜ್ಯಗಳು ಮುಂಚಿತವಾಗಿಯೇ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. 2020ರಂತೆ ಹೆಣ ಬಿದ್ದ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತುವಂತಾಗಬಾರದು.

ಸರಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಕನ್ನಡ ಸಂಘಗಳು ನಾಟಕ, ಯಕ್ಷಗಾನಗಳ ಜತೆಗೆ ಇಂಥ ಹಾಳೆಯೊಂದನ್ನು ವೈದ್ಯರಿಂದ ಬರೆಯಿಸಿ ಅಚ್ಚು ಹಾಕಿಸಬಹುದು. ಅದನ್ನು ಮಡಕಶಿರ, ರಾಯದುರ್ಗದ ಕನ್ನಡ ಶಾಲೆಗಳಿಗೂ ಕಳುಹಿಸಬಹುದು. ಅಲ್ಲಿಯ ಅಧ್ಯಾಪಕರು ನಮ್ಮ ಬಂಧುಗಳೇ. ಮನೆಯಲ್ಲಿ ಇಂಥ ರೋಗಿ ಇದ್ದವರು ಇಂದೇ ಮೂರು ಕೆಲಸ ಮಾಡಲಿ: ಯಂತ್ರದ ಚೀಟಿ ಎಲ್ಲಿದೆಯೆಂದು ಹುಡುಕಿ ಅದರ ಪ್ರತಿಯನ್ನು ಪರ್ಸಿನಲ್ಲಿ ಇಡಲಿ, ಕಳೆದ ರಕ್ತಪರೀಕ್ಷೆ ಯಾವಾಗ ಆಯಿತೆಂದು ನೋಡಲಿ, ಕವಾಟದ ಟಿಕ್ ಸದ್ದು ಹೇಗಿದೆಯೆಂದು ಮನೆಯ ಇನ್ನೊಬ್ಬರೂ ಕಿವಿಗೊಟ್ಟು ಕೇಳಿ ತಿಳಿದಿರಲಿ. ಸದ್ದು ಬದಲಾದರೆ ಬೆಳಗಾಗಲೆಂದು ಕಾಯಬಾರದು.